ಮೈಸೂರಿಗೆ ಹೋಗಿದ್ದ ಅಕ್ಕ

ಸಯನ್ನಿನ ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲುಗಳು ಇದ್ದದ್ದು ಎರಡೇ. ಒಂದು ಬಚ್ಚಲಿನದು, ಇನ್ನೊಂದು ಒಳಕೋಣೆಯದು. ಮಿಕ್ಕ ಮನೆಯೆಲ್ಲ ಒಂದರೊಳಗೊಂದು ತೆರೆದುಕೊಂಡೇ ಇತ್ತು. ಹಾಲ್‌ನಲ್ಲಿ ಕೂತವರಿಗೆ ಅಡುಗೆಮನೆಯ ಒಲೆ ಕಾಣುತ್ತಿತ್ತು, ಒಲೆಯ ಮುಂದೆ ನಿಂತವರಿಗೆ ಬಾಲ್ಕನಿಯ ಹಗ್ಗದ ಮೇಲಿನ ಬಟ್ಟೆ ಕಾಣುತ್ತಿತ್ತು. ಯಾರು ಸಿಟ್ಟಾಗಿದ್ದಾರೆ, ಯಾರು ಊಟ ಬಿಟ್ಟಿದ್ದಾರೆ ಎಂಬುದನ್ನು ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಅಮ್ಮ ಹಾಲ್‌ನ ಮೊಸಾಯಿಕ್ ನೆಲಕ್ಕೆ ನೀರು ಚಿಮುಕಿಸಿ ಒರೆಸಿದರೆ ನಾನೂ ನಳಿನಿ ಅಕ್ಕನೂ ಅದರ ಮೇಲೆ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಹತ್ತಿರದ ಹಳಿಯಲ್ಲಿ ಲೋಕಲ್ ಟ್ರೇನು ಹಾದುಹೋದಾಗ ನೆಲ ಸಣ್ಣಗೆ ನಡುಗಿ ಬೆನ್ನಿಗೆ ತಾಗುತ್ತಿತ್ತು. ಫಾಸ್ಟ್ ಟ್ರೇನೋ ಸ್ಲೋ ಟ್ರೇನೋ ಎಂದು ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ನನಗೂ ಅವಳಿಗೂ ಹನ್ನೊಂದು ವರ್ಷದ ಅಂತರ. ನನ್ನ ಜಡೆ ಹಾಕುತ್ತಿದ್ದವಳು, ಗಣಿತ ಹೇಳಿಕೊಡುತ್ತಿದ್ದವಳು, ಸ್ಕೂಲಿನ ಮರಾಠಿ ಪದ್ಯ ಬಾಯಿಪಾಠ ಮಾಡಿಸುತ್ತಿದ್ದವಳು ಅವಳೇ. ನನ್ನ ಅರೆಬರೆ ಕನ್ನಡವನ್ನು ತಿದ್ದುತ್ತಿದ್ದವಳೂ ಅವಳೇ.

ಅಪ್ಪನನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಮೈಸೂರಿನಿಂದ ಬಂದವರು, ಫೋರ್ಟ್‌ನ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅಕ್ಕ ಬಿ.ಎಸ್ಸಿ. ಮುಗಿಸಿದ ಮೇಲೆ ಫೋರ್ಟ್‌ನಲ್ಲೇ ಅವಳಿಗೂ ಒಂದು ಕೆಲಸ ಸಿಕ್ಕಿತು. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು ಅನ್ನಿಸುತ್ತದೆ, ಅಥವಾ ನಮಗೆ ಹಾಗೆ ಕಂಡಿತು. ಆಮೇಲೆ ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟವಳು ನಾನು ಸ್ಕೂಲಿಗೆ ಹೊರಡುವ ಮೊದಲೇ ವಾಪಸ್ಸು ಬಂದಳು. ಬ್ಲೌಸು ಬೆವರಿಗೆ ಬೆನ್ನಿಗಂಟಿತ್ತು.

"ಏನೇ ಆಯ್ತು? ಟ್ರೇನ್ ಇಲ್ವಾ?" ಅಮ್ಮ ಕೇಳಿದಳು.

"ಟ್ರೇನ್ ಇದೆ. ನಂಗೆ ಹತ್ತಕ್ಕಾಗ್ಲಿಲ್ಲ."

"ರಶ್ಶಾ?"

"ದಿನಾ ಇರೋ ರಶ್ಶೇ ಅಮ್ಮ."

ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನ ಅಣ್ಣ ತಾವೇ ಅವಳ ಬ್ಯಾಗು ಹಿಡಿದುಕೊಂಡು ಸ್ಟೇಷನ್ನಿಗೆ ಹೋದರು. ಅಲ್ಲಿ ನಡೆದದ್ದನ್ನು ಬಹಳ ಕಾಲದ ಮೇಲೆ ಅಕ್ಕನೇ ನನಗೆ ಹೇಳಿದಳು. ಗಾಡಿಯ ಲೇಡೀಸ್ ಬೋಗಿ ಎದುರಿಗೇ ಬಂದು ನಿಂತಿತು. ಒಳಗಿನ ಹೆಂಗಸರು ಜಾಗ ಮಾಡಿಕೊಟ್ಟರು. ಇವಳ ಕಾಲು ಮೇಲೇಳಲಿಲ್ಲ. ಎದೆ ಬಡಿದುಕೊಳ್ಳುವುದು ಕಿವಿಗೆ ಕೇಳುತ್ತಿತ್ತು, ಕೈಬೆರಳು ಮರಗಟ್ಟಿದ್ದವು, ಈ ಕ್ಷಣ ಇಲ್ಲೇ ಸತ್ತುಹೋಗುತ್ತೇನೆ ಎಂಬುದರಲ್ಲಿ ಅವಳಿಗೆ ಯಾವ ಸಂಶಯವೂ ಇರಲಿಲ್ಲ. ಒಂದರ ಹಿಂದೊಂದು ಗಾಡಿ ಹೋದವು. ಅಣ್ಣ ಮೊದಲು ಧೈರ್ಯ ಹೇಳಿದರು, ಆಮೇಲೆ ಗದರಿದರು. ಸಾವಿರ ಜನ ಅವರನ್ನು ಸುತ್ತಿಕೊಂಡು ಹೋಗುತ್ತಿದ್ದ ಪ್ಲ್ಯಾಟ್‌ಫಾರ್ಮಿನಲ್ಲಿ ಅಪ್ಪ, ಮಗಳು ಇಬ್ಬರೇ ನಿಂತಿದ್ದರು. ಮನೆಗೆ ಬಂದು ಅಣ್ಣ ಬ್ಯಾಗನ್ನು ಕುರ್ಚಿಯ ಮೇಲಿಟ್ಟು ತಡವಾಗಿ ಆಫೀಸಿಗೆ ಹೋದರು. ಅಕ್ಕ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಮೊದಮೊದಲು ಊಟದ ಹೊತ್ತಿಗೆ ಹೊರಗೆ ಬರುತ್ತಿದ್ದಳು. ಆಮೇಲೆ ಅದೂ ನಿಂತಿತು. ಅಮ್ಮ ತಟ್ಟೆಯನ್ನು ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ ಬರುತ್ತಿದ್ದಳು. ಹುಳಿ ಆರಿ ಕೆನೆ ಕಟ್ಟಿದ ಮೇಲೆ ಬಾಗಿಲು ಒಂದು ಗೇಣು ತೆರೆದು ತಟ್ಟೆ ಒಳಗೆ ಹೋಗುತ್ತಿತ್ತು. ಅಕ್ಕ ಸ್ನಾನ ಮಾಡುತ್ತಿರಲಿಲ್ಲ. ಹಗಲು ಮಲಗಿರುತ್ತಿದ್ದಳು. ತಲೆಗೂದಲು ಜಡೆಗಟ್ಟಿ ಒಂದು ದಿನ ತಾನೇ ಕತ್ತರಿಯಿಂದ ಕತ್ತರಿಸಿಕೊಂಡಳು. ಅಣ್ಣ ಮಾಟುಂಗಾದ ದೇವಸ್ಥಾನದಿಂದ ಕುಂಕುಮ ತಂದು ಬಾಗಿಲಿಗೆ ಹಚ್ಚಿದರು. ಬಾಗಿಲ ಎದುರು ನಿಂತು ನಿಧಾನವಾಗಿ, ಆಫೀಸಿನಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವವರ ಹಾಗೆ, "ನೋಡು ನಳಿನಿ, ಮನಸ್ಸು ಗಟ್ಟಿ ಮಾಡ್ಕೋಬೇಕು" ಎನ್ನುತ್ತಿದ್ದರು. ಒಳಗಿನಿಂದ ಒಮ್ಮೊಮ್ಮೆ ಗೋಡೆಗೆ ಏನೋ ಬಡಿದ ಸದ್ದು ಬರುತ್ತಿತ್ತು. ಅದು ಅಕ್ಕನ ತಲೆ ಎಂದು ಗೊತ್ತಾದ ದಿನ ಅಮ್ಮ ಆ ಗೋಡೆಗೆ ಎರಡು ದಿಂಬು ಕಟ್ಟಿದಳು.

ಪಕ್ಕದ ಮನೆಯಲ್ಲಿದ್ದವರು ಜಲಜಕ್ಕ. ಉಡುಪಿಯ ಕಡೆಯವರು. ಅವರ ಗಂಡ ಫೋರ್ಟ್‌ನಲ್ಲಿ ಹೋಟೆಲು ನಡೆಸುತ್ತಿದ್ದರು. ಒಂದು ಸಂಜೆ ಕರಿಬೇವು ಕೇಳಲು ಬಂದ ಜಲಜಕ್ಕ ಸಹಜವಾಗಿಯೇ ಕೇಳಿದರು.

"ನಳಿನಿಯನ್ನು ಕಾಣ್ಲೇ ಇಲ್ಲ ಮಾರಾಯ್ತಿ. ಎಂತ, ಹುಷಾರಿಲ್ವಾ?"

"ಮೈಸೂರಿಗೆ ಹೋಗಿದ್ದಾಳೆ, ಅಜ್ಜಿ ಮನೆಗೆ," ಎಂದಳು ಅಮ್ಮ.

ಅಮ್ಮ ಅದನ್ನು ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು. ಕರಿಬೇವು ಕೊಟ್ಟು ಬಾಗಿಲು ಹಾಕಿದ ಮೇಲೆ ಅಲ್ಲೇ ಗೋಡೆಗೊರಗಿ ನಿಂತಳು. ಆದರೆ ಆಡಿದ ಮಾತನ್ನು ಉಳಿಸಿಕೊಳ್ಳಲು ಮಾರನೆಯ ದಿನವೇ ಮನೆ ಬದಲಾಯಿತು. ಅಕ್ಕನ ಬಟ್ಟೆಗಳು ಬಾಲ್ಕನಿಯ ಹಗ್ಗದಿಂದ ಇಳಿದು ಬಚ್ಚಲೊಳಗೆ ಒಣಗತೊಡಗಿದವು. ಬಾಗಿಲ ಬೆಲ್ಲಾದ ಕೂಡಲೇ ಒಳಕೋಣೆಯ ದೀಪ ಆರಬೇಕು, ಅಡುಗೆಮನೆಯ ರೇಡಿಯೋ ಜೋರಾಗಬೇಕು. ಯಾರಾದರೂ ಬಂದು ಕೂತಿದ್ದಾಗ ಒಳಗೆ ಕೆಮ್ಮು ಕೇಳಿದರೆ ನಾನು ಕೆಮ್ಮಬೇಕು. ಅಣ್ಣ, ಅಮ್ಮ ಜಗಳವಾಡುವುದಿದ್ದರೆ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಅದರ ಸದ್ದಿನ ಮರೆಯಲ್ಲಿ ಆಡುತ್ತಿದ್ದರು.

"ಎಷ್ಟು ದಿನ ಅಂತ ಮೈಸೂರಲ್ಲೇ ಇಟ್ಟಿರ್ತೀಯ ಅವಳನ್ನ?"

"ಹುಚ್ಚು ಹಿಡಿದಿದೆ ಅಂತ ಹೇಳ್ಲಾ? ನಾಳೆ ಅವಳನ್ನ ಯಾರು ಮಾಡ್ಕೋತಾರೆ? ಇನ್ನೊಂದು ಹೆಣ್ಣಿದೆ ಮನೇಲಿ, ಅದು ನೆನಪಿದೆಯಾ ನಿಮಗೆ?"

ಆ ಇನ್ನೊಂದು ಹೆಣ್ಣು ನಾನು. ಮೈಸೂರನ್ನು ನಾನು ನೋಡಿದ್ದೇ ಕಡಿಮೆ. ಆದರೂ ಆ ವರ್ಷ ನನ್ನಷ್ಟು ಮೈಸೂರು ಬಲ್ಲವರು ನಮ್ಮ ಬಿಲ್ಡಿಂಗಿನಲ್ಲಿ ಇರಲಿಲ್ಲ. ಮೆಟ್ಟಿಲ ಮೇಲೆ ಗೆಳತಿಯರು "ತೇರೀ ದೀದಿ ಕಬ್ ಆಯೇಗಿ?", ನಿನ್ನ ಅಕ್ಕ ಯಾವಾಗ ಬರ್ತಾಳೆ, ಎಂದರೆ ಅಕ್ಕ ಅಲ್ಲಿ ಟೈಪಿಂಗ್ ಕಲಿಯುತ್ತಿರುವುದನ್ನು, ಅಜ್ಜಿಗೆ ಕಾಲುನೋವಾದದ್ದನ್ನು, ಸಂಜೆ ಬೆಟ್ಟದ ದೀಪಗಳು ಅಕ್ಕನ ಕಿಟಕಿಗೆ ಕಾಣುವುದನ್ನು ವರ್ಣಿಸುತ್ತಿದ್ದೆ. ಹೇಳುತ್ತಾ ಹೇಳುತ್ತಾ ಆ ಅಕ್ಕ ನನಗೆ ನಿಜವೆನಿಸುತ್ತಿದ್ದಳು. ಅವಳು ನಗುತ್ತಿದ್ದಳು, ತಲೆ ತುಂಬ ಹೂ ಮುಡಿಯುತ್ತಿದ್ದಳು. ಮನೆಗೆ ಬಂದರೆ ಮುಚ್ಚಿದ ಬಾಗಿಲು ಮತ್ತು ಅದರ ಕೆಳಗಿನಿಂದ ಬರುವ ಮುಗ್ಗಲು ವಾಸನೆ. ಇಬ್ಬರಲ್ಲಿ ಯಾರನ್ನು ನಾನು ಹೆಚ್ಚು ಪ್ರೀತಿಸುತ್ತಿದ್ದೆನೋ.

ನವರಾತ್ರಿ ಬಂತು. ನಮ್ಮಲ್ಲಿ ಗೊಂಬೆ ಕೂರಿಸುವುದು ಪದ್ಧತಿ. ಬಿಲ್ಡಿಂಗಿನ ಹೆಂಗಸರೆಲ್ಲ ನೋಡಲು ಬರುತ್ತಿದ್ದರು. ಈ ವರ್ಷ ಬೇಡ ಎಂದರು ಅಣ್ಣ. ಇಡದಿದ್ದರೆ ಯಾಕೆ ಎಂದು ಕೇಳುತ್ತಾರೆ ಎಂದಳು ಅಮ್ಮ. ವಾದ ನಲ್ಲಿಯ ಸದ್ದನ್ನೂ ಮೀರಿದಾಗ ಒಳಗಿನಿಂದ ಅಕ್ಕನ ಧ್ವನಿ ಬಂತು.

"ಇಡಮ್ಮ. ನಾನು ಒಳಗಿರ್ತೀನಿ."

ಆ ಮಧ್ಯಾಹ್ನ ಪರದೆ ಎಳೆದು ಅವಳೇ ಹೊರಗೆ ಬಂದು ಮೆಟ್ಟಿಲು ಜೋಡಿಸಿದಳು, ಬಿಳಿ ಪಂಚೆ ಹಾಸಿದಳು, ಪಟ್ಟದ ಗೊಂಬೆಗಳಿಗೆ ಸೀರೆ ಉಡಿಸಿದಳು. ಮೊಂಡುಗೂದಲಿನ ಆ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಬಗೆಯ ಗಮನ ಕಂಡಿತು. ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿ, ಮಾತನಾಡಿಸಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಸದ್ದಿಲ್ಲದೆ ಉಸಲಿ ಮಾಡುತ್ತಿದ್ದಳು. ನಾಲ್ಕು ಗಂಟೆಗೆ ಅಕ್ಕ ಒಳಗೆ ಹೋದಳು. ಐದಕ್ಕೆ ಮೊದಲ ಬೆಲ್ಲಾಯಿತು. ಒಂದು ಗುಂಪು ಹೋಗುವಷ್ಟರಲ್ಲಿ ಇನ್ನೊಂದು ಗುಂಪು ಬಂತು. ಜಲಜಕ್ಕ ಹಾಡು ಹೇಳಿದರು, ಮೇಲಿನ ಮಹಡಿಯ ಮರಾಠಿ ಹೆಂಗಸರು ಆರತಿ ಹಾಡಿದರು, ಎಲ್ಲರೂ ಗೊಂಬೆಗಳ ಅಂದವನ್ನು ಹೊಗಳಿದರು. "ನಳಿನಿ ಇಲ್ಲದಿದ್ರೂ ಎಷ್ಟು ಲಾಯ್ಕ್ ಇಟ್ಟಿದ್ದೀರಿ" ಎಂದರು ಜಲಜಕ್ಕ. ಅಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನಕ್ಕಳು. ಬಚ್ಚಲಿಗೆ ಹೋಗಬೇಕೆಂದರೆ ಅಕ್ಕ ಹಾಲ್ ದಾಟಬೇಕಿತ್ತು. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಕೊನೆಯವರು ಹೋಗಿ ಬಾಗಿಲು ಹಾಕಿದ ಮೇಲೆ ಅಮ್ಮ ಒಳಕೋಣೆಯನ್ನು ತಟ್ಟಿದಳು. ಚಿಲಕ ಹಾಕಿರಲಿಲ್ಲ. ಅಕ್ಕ ನೆಲದ ಮೇಲೆ ಮಂಡಿಯೂರಿ ತನ್ನ ದುಪಟ್ಟಾದಿಂದ ನೆಲ ಒರೆಸುತ್ತಿದ್ದಳು. ಸಲ್ವಾರು ಒದ್ದೆಯಾಗಿತ್ತು. ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಯ್ಯೋ, ಒಂದು ಸಲ ಬಾಗಿಲು ತಟ್ಟಬಾರದಿತ್ತಾ?"

ಅಕ್ಕ ತಲೆಯೆತ್ತಲಿಲ್ಲ.

"ನಾನು ಊರಲ್ಲೇ ಇಲ್ವಲ್ಲಮ್ಮ. ಇಲ್ಲದೋರು ಹೇಗೆ ಬಾಗಿಲು ತಟ್ಟೋದು?"

ಅಮ್ಮ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು ತಾನು ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಉಸಲಿಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಆ ದಿನದ ನಂತರ ಅಕ್ಕ, ಮನೆಯಲ್ಲಿ ನಾವು ಮಾತ್ರ ಇದ್ದಾಗಲೂ, ಬಚ್ಚಲಿಗೆ ಬಿಟ್ಟರೆ ಇನ್ನೆಲ್ಲಿಗೂ ಹೊರಗೆ ಬರಲಿಲ್ಲ. ತಟ್ಟೆಗಳು ಅರ್ಧ ಹಾಗೇ ವಾಪಸ್ಸು ಬರತೊಡಗಿದವು.

ಚಳಿಗಾಲ ಬಂದಾಗ ಜಲಜಕ್ಕನ ಮನೆಯವರು ಮದುವೆಗೆಂದು ಊರಿಗೆ ಹೊರಟರು. ಅವರ ಮಗ ದುಬೈಯಿಂದ ತಂದ ವೀಸಿಆರ್ ಒಂದಿತ್ತು. ಖಾಲಿ ಮನೆಯಲ್ಲಿ ಬಿಟ್ಟುಹೋಗಲು ಹೆದರಿ ನಮ್ಮಲ್ಲಿ ತಂದಿಟ್ಟರು.

"ಸುಮ್ನೆ ಇಡ್ಬೇಡಿ, ಮಗು ಪಿಕ್ಚರ್ ನೋಡ್ಲಿ. ಇದು ಯಾವ ದೇಶದ ಕ್ಯಾಸೆಟ್ ಹಾಕಿದ್ರೂ ಓಡ್ತದೆ."

ಅಣ್ಣನ ಬೀರುವಿನಲ್ಲಿ ಒಂದು ಕ್ಯಾಸೆಟ್ ಬಿದ್ದಿತ್ತು. ಬಂದರಿನ ಡಾಕಿಗೆ ಬಂದಿದ್ದ ಜಪಾನಿ ಹಡಗೊಂದರ ಅಧಿಕಾರಿಗೆ ಹಲ್ಲುನೋವು ಬಂದಾಗ ಅಣ್ಣ ಡೆಂಟಿಸ್ಟ್ ಹತ್ತಿರ ಕರೆದೊಯ್ದಿದ್ದರಂತೆ. ಆತ ಹೋಗುವಾಗ ನೆಲದಿಂದ ಇಷ್ಟೆತ್ತರ ಎಂದು ಕೈ ತೋರಿಸಿ, ಮಕ್ಕಳಿಗೆ ಎಂದು ಅದನ್ನು ಕೊಟ್ಟಿದ್ದ. ಈಗಿನ ಮಕ್ಕಳು ಅದನ್ನು ಅನಿಮೆ ಎನ್ನುತ್ತಾರೆ. ನಮಗೆ ಆಗ ಚಿತ್ರ ಕುಣಿದರೆ ಎಲ್ಲವೂ ಕಾರ್ಟೂನೇ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅಣ್ಣ ಅದನ್ನು ಹಾಕಿದರು. ನಮ್ಮದು ಕಪ್ಪು ಬಿಳುಪು ಟೀವಿ. ಜಪಾನಿನ ಚಿತ್ರ ಅದರಲ್ಲಿ ನಿಲ್ಲುತ್ತಿರಲಿಲ್ಲ, ಕೆಳಗಿನಿಂದ ಮೇಲಕ್ಕೆ ಉರುಳುತ್ತಿತ್ತು. ಟೀವಿಯ ಹಿಂದಿನ ಒಂದು ಸಣ್ಣ ತಿರುಗಣಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ಹಾಗಾಗಿ ಅಣ್ಣ ಟೀವಿಯ ಪಕ್ಕ ಸ್ಟೂಲು ಹಾಕಿಕೊಂಡು, ಒಂದು ಕೈ ಅದರ ಹಿಂದಿಟ್ಟು, ಕತ್ತು ಹೊರಳಿಸಿ ಕೂತರು. ಭಾನುವಾರದ ಪೇಪರು ಓದಲು ಎದ್ದುಹೋಗುವುದು ಅವರಿಗೆ ಸಾಧ್ಯವಿರಲಿಲ್ಲ.

ನಾನು ಮಾತಾಡುವ ಕರಡಿ, ಓಡುವ ಮೊಲ ಬರುತ್ತವೆಂದು ಕಾದಿದ್ದೆ. ಬಂದದ್ದು ಒಬ್ಬ ಹುಡುಗಿ. ಕಾಲೇಜಿಗೆ ಹೋಗುವ ವಯಸ್ಸು. ಚಾಪೆ ಹಾಸಿದ ಸಣ್ಣ ಕೋಣೆಯಲ್ಲಿ ಹಾಸಿಗೆಯ ಮೇಲೆ ಮಲಗಿದ್ದಳು. ಕಿಟಕಿಯ ಬಿಸಿಲು ಚಾಪೆಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು, ಅವಳು ಹೊರಳಿದಳು, ಅಷ್ಟೇ. ಆಮೇಲೆ ಅವಳ ತಾಯಿ ಒಂದು ತಟ್ಟೆ ತಂದು ಬಾಗಿಲ ಹೊರಗಿಟ್ಟು ಹೋದಳು. ಬಟ್ಟಲುಗಳ ಮೇಲೆ ಮುಚ್ಚಳವಿತ್ತು. ಬಾಗಿಲು ಸ್ವಲ್ಪ ಸರಿಯಿತು, ಒಂದು ಕೈ ಬಂದು ತಟ್ಟೆಯನ್ನು ಒಳಗೆಳೆದುಕೊಂಡಿತು. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಯ ಸದ್ದು ನಿಂತಿತು.

"ಇದೇನು ಕಾರ್ಟೂನೋ! ಏನೂ ಆಗ್ತಾನೇ ಇಲ್ವಲ್ಲ," ಎಂದರು ಅಣ್ಣ.

"ಆಗ್ತಾ ಇದೆ ಅಣ್ಣ."

ಒಳಕೋಣೆಯ ಬಾಗಿಲು ಯಾವಾಗ ತೆರೆದಿತ್ತೋ ನಮಗೆ ಗೊತ್ತಾಗಲಿಲ್ಲ. ಅಕ್ಕ ಹೊಸ್ತಿಲಲ್ಲಿ ಕೂತಿದ್ದಳು, ಮೊಣಕಾಲು ತಬ್ಬಿಕೊಂಡು. ಅಣ್ಣ ಅವಳ ಕಡೆ ತಿರುಗಿದರು, ಬೆರಳು ಜಾರಿತು, ಚಿತ್ರ ಉರುಳಿತು.

"ಹಿಡ್ಕೊಳ್ಳಿ ಅಣ್ಣ."

ಅಣ್ಣ ಮತ್ತೆ ಒತ್ತಿ ಹಿಡಿದರು. ತೆರೆಯ ಮೇಲೆ ಆ ಹುಡುಗಿ ಈಗ ಮುಂಬಾಗಿಲ ಹತ್ತಿರ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ಲೇಸು ಕಟ್ಟಿದಳು, ಎದ್ದಳು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. ಆ ಕೈಯನ್ನು ಎಷ್ಟೋ ಹೊತ್ತು ತೋರಿಸಿದರು. ಸಂಗೀತವಿರಲಿಲ್ಲ, ಅವಳ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಅವಳು ಮತ್ತೆ ಕೂತು ಶೂ ಬಿಚ್ಚಿದಳು.

"ಸೋಂಬೇರಿ," ಎಂದರು ಅಣ್ಣ ಮೆಲ್ಲಗೆ. ಅವರು ಯಾರ ಬಗ್ಗೆ ಹೇಳಿದರೋ.

"ಸೋಂಬೇರಿ ಅಲ್ಲ. ಬೆಳಗ್ಗೆಯಿಂದ ಅವಳು ಇದೊಂದೇ ಕೆಲಸ ಮಾಡ್ತಿದ್ದಾಳೆ, ಬಾಗಿಲ ತನಕ ಬರೋದು. ಅವಳಿಗೆ ಎಷ್ಟು ಸುಸ್ತಾಗಿದೆ ಗೊತ್ತಾ?"

ಹುಡುಗಿ ಜಪಾನಿಯಲ್ಲಿ ಏನೋ ಗೊಣಗಿದಳು.

"ಏನಂದ್ಲು ಅಕ್ಕ? ನಿಂಗೆ ಜಪಾನಿ ಬರುತ್ತಾ?" ನಾನು ಕೇಳಿದೆ.

"ಇಲ್ಲ. ನಾಳೆ ಹೋಗ್ತೀನಿ ಅಂದಳು. ನಿನ್ನೆನೂ ಹಾಗೇ ಅಂದಿದ್ಲು. ತನ್ನ ಮಾತು ತನಗೇ ನಂಬಿಕೆ ಬರ್ತಿಲ್ಲ ಅವಳಿಗೆ."

ಆಮೇಲೆ ಅಕ್ಕ ಮಾತಾಡುತ್ತಲೇ ಹೋದಳು. ತೆರೆಯ ಮೇಲೆ ಯಾರು ಬಾಯಿ ತೆರೆದರೂ ಅದರ ಕನ್ನಡ ಅವಳು ಹೇಳಿದಳು. ಕಿಟಕಿಯಿಂದ ಕೆಳಗೆ ಹೋಗುವ ಗೆಳತಿಯರನ್ನು ನೋಡಿ ಹುಡುಗಿ ಪರದೆ ಎಳೆದುಕೊಂಡರೆ, "ಅವರ ಮೇಲೆ ಸಿಟ್ಟಲ್ಲ, ಅವರು ಕರೆದರೆ ಏನು ಹೇಳೋದು ಅಂತ ಭಯ" ಎಂದಳು. ತಿಂಗಳುಗಟ್ಟಲೆ ಬಾಗಿಲ ಹಿಂದಿದ್ದ ಧ್ವನಿ, ಒರಟಾಗಿತ್ತು, ಮಧ್ಯೆ ಮಧ್ಯೆ ಒಡೆಯುತ್ತಿತ್ತು. ಅಮ್ಮ ಒದ್ದೆ ಕೈಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ತೆರೆಯ ಮೇಲೆ ಹುಡುಗಿಯ ತಾಯಿ ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ಏನೋ ಹೇಳುತ್ತಿದ್ದಳು. ಬಹಳ ಹೊತ್ತು ಹೇಳಿದಳು. ಅಕ್ಕ ಅದರ ಕನ್ನಡ ಹೇಳಲಿಲ್ಲ.

"ಅವಳಮ್ಮ ಏನಂತಿದ್ದಾಳೆ?" ಅಮ್ಮನೇ ಕೇಳಿದಳು.

"ಕೇಳಿದೋರಿಗೆ ನಾನೇನು ಹೇಳ್ಲಿ ಅಂತಿದ್ದಾಳೆ."

ಅಮ್ಮ ಅಲ್ಲಿ ನಿಲ್ಲಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿತು. ಈ ಸಲ ಜಗಳವಾಡಲು ಯಾರೂ ಇರಲಿಲ್ಲ, ಆದರೂ ನಲ್ಲಿ ಬಹಳ ಹೊತ್ತು ಸುರಿಯಿತು. ಚಿತ್ರದ ಕೊನೆಯಲ್ಲಿ ಹುಡುಗಿ ಕಿಟಕಿ ತೆರೆದಳು. ಗಾಳಿಗೆ ಅವಳ ಕೂದಲು ಸ್ವಲ್ಪ ಅಲುಗಿತು. ಅಷ್ಟಕ್ಕೆ ಅಕ್ಷರಗಳು ಬಂದು ತೆರೆ ಖಾಲಿಯಾಯಿತು.

"ಮುಗೀತಾ? ಹೊರಗೆ ಹೋದ್ಲೋ ಇಲ್ವೋ?" ಅಣ್ಣ ನಿಜವಾಗಿಯೂ ಗಾಬರಿಯಾದವರ ಹಾಗೆ ಕೇಳಿದರು.

"ಗೊತ್ತಿಲ್ಲ ಅಣ್ಣ."

ಅಣ್ಣ ಕೈ ತೆಗೆದರು. ಬೆರಳ ತುದಿಯಲ್ಲಿ ತಿರುಗಣಿಯ ಗೀರು ಮೂಡಿತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಾ ಮಗಳನ್ನು ನೋಡುತ್ತಾ ಕೂತರು.

ಅಂದಿನಿಂದ ನಮ್ಮ ಮನೆಯಲ್ಲಿ ಆ ಹುಡುಗಿಯ ಮಾತೇ ಮಾತು. ಆಫೀಸಿನಿಂದ ಬಂದು ಕಾಲು ತೊಳೆದು ಅಣ್ಣ ಒಳಕೋಣೆಯ ಹೊಸ್ತಿಲ ಈಚೆ ಕೂರುತ್ತಿದ್ದರು. ಅಕ್ಕ ಆಚೆ ಕೂರುತ್ತಿದ್ದಳು. "ನಿನಗೇನಾಗಿದೆ" ಎಂದು ಅಷ್ಟು ಕಾಲ ಕೇಳಿ ಕೇಳಿ ಸೋತಿದ್ದ ಅಣ್ಣ ಈಗ ಬೇರೆಯೇ ಬಗೆಯಲ್ಲಿ ಕೇಳುತ್ತಿದ್ದರು.

"ಅಲ್ಲ, ಆ ಹುಡುಗಿ ಬಾಗಿಲ ಹಿಡಿ ಹಿಡ್ಕೊಂಡಳಲ್ಲ, ಆಗ ಅವಳಿಗೆ ಏನಾಗ್ತಿತ್ತು?"

ಅಕ್ಕ ಹೇಳುತ್ತಿದ್ದಳು. ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕೈ ಹೇಗೆ ತಣ್ಣಗಾಗುತ್ತದೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸುವುದು ಹೇಗಿರುತ್ತದೆ, ಬೆಳಿಗ್ಗೆ ಎಚ್ಚರವಾದಾಗ ಎದೆಯ ಮೇಲೆ ಕಲ್ಲು ಹೇರಿದಂತಿರುವುದು ಹೇಗೆ ಎಂಬುದನ್ನೆಲ್ಲ ಆ ಹುಡುಗಿಯ ಹೆಸರಿನಲ್ಲಿ ಹೇಳಿದಳು. ಸಾಯಬೇಕು ಎಂದು ಆ ಹುಡುಗಿಗೆ ಅನ್ನಿಸಿತ್ತಾ ಎಂದು ಅಣ್ಣ ಒಂದು ದಿನ ಕೇಳಿದರು. ಅಕ್ಕ ಹೂಂ ಎಂದಳು. ಅಣ್ಣ ಹೊಸ್ತಿಲ ಮೇಲೆ ಕೈಚಾಚಿ ಅವಳ ಕಾಲ ಹೆಬ್ಬೆರಳನ್ನು ಹಿಡಿದುಕೊಂಡರು. ಚಿಕ್ಕವಳಿದ್ದಾಗ ಜ್ವರ ಬಂದರೆ ಹಾಗೆ ಹಿಡಿಯುತ್ತಿದ್ದರಂತೆ.

"ಆ ಹುಡುಗೀನ ಡಾಕ್ಟರ್ ಹತ್ರ ಕರ್ಕೊಂಡು ಹೋದರೆ ಬರ್ತಾಳಾ?"

"ಬರ್ತಾಳೆ ಅಣ್ಣ. ಆದರೆ ಅವಳು ಊರಲ್ಲಿಲ್ವಲ್ಲ."

ಅಮ್ಮ ಅನ್ನ ಬಸಿಯುತ್ತಿದ್ದಳು. ಅಲ್ಲಿಂದಲೇ ಒಂದು ಉಪಾಯ ಹೇಳಿದಳು. ಬೆಳಿಗ್ಗೆ ಯಾರೂ ಏಳುವ ಮೊದಲು ಅಕ್ಕ ಸೂಟ್‌ಕೇಸು ಹಿಡಿದು ಕೆಳಗಿಳಿಯುವುದು, ದಾದರ್ ತನಕ ಟ್ಯಾಕ್ಸಿಯಲ್ಲಿ ಹೋಗುವುದು, ಎಲ್ಲರೂ ಎದ್ದ ಮೇಲೆ ಅದೇ ಟ್ಯಾಕ್ಸಿಯಲ್ಲಿ ಮೈಸೂರಿನಿಂದ ಬಂದಂತೆ ಬಂದು ಇಳಿಯುವುದು. ಹೇಳುತ್ತಾ ಹೇಳುತ್ತಾ ಅವಳ ಧ್ವನಿಯಲ್ಲಿ ಉತ್ಸಾಹವೇ ಬಂದಿತ್ತು. ಯಾವ ಸೀರೆ ಉಡಬೇಕು, ಸೂಟ್‌ಕೇಸಿನಲ್ಲಿ ಏನು ತುಂಬಬೇಕು ಎಂಬುದೂ ತೀರ್ಮಾನವಾಗಿತ್ತು.

"ಬೇಡಮ್ಮ," ಎಂದಳು ಅಕ್ಕ. "ನಂಗೆ ಮೆಟ್ಟಿಲು ಇಳಿಯೋ ಶಕ್ತಿ ಒಂದು ಸಲಕ್ಕೆ ಮಾತ್ರ ಇದೆ. ಅದನ್ನ ನಾಟಕಕ್ಕೆ ಖರ್ಚು ಮಾಡಲ್ಲ."

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಕ್ಕ ಪೂರ್ತಿ ಗುಣವಾದಳು ಎನ್ನುವಂತಿಲ್ಲ. ಆಸ್ಪತ್ರೆಯಲ್ಲಿ ಸಿಕ್ಕ ಲೇಡಿ ಡಾಕ್ಟರು ಇದು ಸೋಮಾರಿತನವೂ ಅಲ್ಲ, ಗ್ರಹಚಾರವೂ ಅಲ್ಲ, ಕಾಯಿಲೆ ಎಂದು ಮೂವರನ್ನೂ ಎದುರು ಕೂರಿಸಿ ಹೇಳಿದರು. ಮಾತ್ರೆ ಕೊಟ್ಟರು. ಮೊದಲು ಗೇಟಿನ ತನಕ, ಆಮೇಲೆ ಮೂಲೆಯ ಅಂಗಡಿಯ ತನಕ, ಆಮೇಲೆ ಸ್ಟೇಷನ್ನಿನ ತನಕ ನಡೆಯಬೇಕು, ಗಾಡಿ ಹತ್ತಬೇಕೆಂದಿಲ್ಲ ಎಂದರು. ಭಾನುವಾರಗಳಂದು ಅಣ್ಣನೂ ಅಕ್ಕನೂ ಸಯನ್ ಪ್ಲ್ಯಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಗಾಡಿಗಳನ್ನು ನೋಡಿ ವಾಪಸ್ಸು ಬರುತ್ತಿದ್ದರು. ಫೋರ್ಟ್‌ನ ಆ ಕೆಲಸಕ್ಕೆ ಅವಳು ಮತ್ತೆ ಹೋಗಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಚಿಲಕ ಬಿತ್ತು, ಮತ್ತೆ ತೆರೆಯಿತು. ಆಗ ಅಮ್ಮ ಕೇಳಿದವರಿಗೆಲ್ಲ "ಹುಷಾರಿಲ್ಲ, ಒಳಗೆ ಮಲಗಿದ್ದಾಳೆ" ಎಂದೇ ಹೇಳಿದಳು. ನೋಡಲು ಬಂದ ಗಂಡಿನ ಕಡೆಯವರಿಗೂ ಹಾಗೇ ಎಲ್ಲವನ್ನೂ ಹೇಳಿದಳು, ಅವರು ಕಾಫಿ ಕುಡಿದು ಹೋದರು. ಅಕ್ಕ ಬಿಲ್ಡಿಂಗಿನ ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಟ್ಟಳು. ಈಗ ಮುಲುಂಡಿನಲ್ಲಿ ನನ್ನ ಜೊತೆಗಿದ್ದಾಳೆ. ಮಧ್ಯಾಹ್ನದ ಖಾಲಿ ಲೋಕಲಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಆ ಕಾರ್ಟೂನಿನ ಉಳಿದ ಭಾಗ ಇದೆಯೇ ಎಂದು ಅಣ್ಣ ಡಾಕಿನಲ್ಲಿ ಬಹಳ ಸಲ ವಿಚಾರಿಸಿದರು. ಸಿಗಲಿಲ್ಲ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅವಳು ಮೆಟ್ಟಿಲಿಳಿದ ಬೆಳಿಗ್ಗೆಯಲ್ಲಿ. ಅಣ್ಣ ರಜೆ ಹಾಕಿದ್ದರು. ಹತ್ತು ಗಂಟೆಯ ಹೊತ್ತು, ಮೆಟ್ಟಿಲಲ್ಲಿ ಎಲ್ಲರ ಓಡಾಟವಿರುವ ಸಮಯ. ಅಕ್ಕ ಸ್ನಾನ ಮಾಡಿ ಹತ್ತಿ ಸೀರೆ ಉಟ್ಟಿದ್ದಳು. ಸೊಂಟದಲ್ಲಿ ಸೀರೆ ನಿಲ್ಲದೆ ಅಮ್ಮ ಪಿನ್ನು ಹಾಕಿದ್ದಳು. ಹೊರಡುವಾಗ ನೋಡಿದರೆ ಅವಳ ಚಪ್ಪಲಿಯೇ ಇರಲಿಲ್ಲ. ಮೈಸೂರಿಗೆ ಹೋದವಳ ಚಪ್ಪಲಿ ಬಾಗಿಲಲ್ಲಿರಬಾರದೆಂದು ಅಮ್ಮ ಅದನ್ನು ಎಂದೋ ಯಾರಿಗೋ ಕೊಟ್ಟಿದ್ದಳು. ಅಮ್ಮನ ಚಪ್ಪಲಿ ಅವಳ ಕಾಲಿಗೆ ಆಗಲಿಲ್ಲ. ಹುಡುಕುತ್ತಾ ನಿಂತರೆ ಎಲ್ಲಿ ಧೈರ್ಯ ಹೋಗಿಬಿಡುತ್ತದೋ ಎಂದು ಅಕ್ಕ ಬರಿಗಾಲಿನಲ್ಲೇ ಹೊಸ್ತಿಲು ದಾಟಿದಳು. ಅಣ್ಣ ಎರಡು ಮೆಟ್ಟಿಲು ಕೆಳಗೆ ನಿಂತರು. ಅದೇ ಹೊತ್ತಿಗೆ ಪಕ್ಕದ ಬಾಗಿಲು ತೆರೆದು, ಮದುವೆ ಮುಗಿಸಿ ಊರಿನಿಂದ ಬಂದಾಗಿದ್ದ ಜಲಜಕ್ಕ ತರಕಾರಿ ಚೀಲ ಹಿಡಿದು ಹೊರಬಂದರು. ಅಮ್ಮ ನನ್ನ ಭುಜ ಹಿಡಿದುಕೊಂಡಳು. ಅವಳ ಉಗುರು ಚುಚ್ಚಿತು.

"ಅಯ್ಯೋ ದೇವ್ರೇ, ನಳಿನಿ! ಯಾವಾಗ ಬಂದದ್ದು ಮೈಸೂರಿಂದ? ಎಂತದು ಕೂದಲು? ಇಷ್ಟು ಬಡವಾಗಿದ್ದೀಯಲ್ಲ!"

ಅಕ್ಕ ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ನಾನು ಹೋಗೇ ಇರ್ಲಿಲ್ಲ ಜಲಜಕ್ಕ. ಇಲ್ಲೇ ಇದ್ದೆ, ಒಳಗೆ. ಹೊರಗೆ ಬರೋಕೆ ಆಗ್ತಿರ್ಲಿಲ್ಲ. ಈಗ ಡಾಕ್ಟರ್ ಹತ್ರ ಹೊರಟಿದ್ದೀವಿ."

ಜಲಜಕ್ಕ ಅವಳನ್ನು ನೋಡಿದರು, ಆಮೇಲೆ ಅಮ್ಮನನ್ನು ನೋಡಿದರು. ಅವರಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಮುಖ ಕೆಂಪಗಾಯಿತು.

"ಒಂದು ಗೋಡೆ ಆಚೆ ನಾನಿದ್ದೆ. ನನ್ನತ್ರ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಆಗ್ಲಿಲ್ವಾ?"

ಜಲಜಕ್ಕ ಚೀಲ ಕೆಳಗಿಟ್ಟು ತಮ್ಮ ಕಾಲಿನ ಚಪ್ಪಲಿಗಳನ್ನು ಕಳಚಿ ಅಕ್ಕನ ಮುಂದೆ ಸರಿಸಿದರು.

"ಹಾಕ್ಕೋ. ರೋಡಲ್ಲಿ ಗಾಜು ಗೀಜು ಎಲ್ಲ ಉಂಟು."

ಅಕ್ಕ ಹಾಕಿಕೊಂಡಳು. ಅಣ್ಣನ ಹಿಂದೆ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಮೊದಲ ತಿರುವಿನಲ್ಲಿ ನಿಂತುಬಿಟ್ಟಳು. ಅಣ್ಣ ಕರೆಯಲಿಲ್ಲ, ಕೈಯನ್ನೂ ಚಾಚಲಿಲ್ಲ, ತಾವೂ ನಿಂತರು. ಮೇಲಿನಿಂದ ಇಳಿಯುತ್ತಿದ್ದ ಯಾರೋ ಪಕ್ಕಕ್ಕೆ ಸರಿದು ಹೋದರು. ಮತ್ತೆ ಚಪ್ಪಲಿಯ ಸದ್ದು ಕೇಳಿತು. ಆಗ ಅಮ್ಮ ನನ್ನ ಭುಜ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲನ್ನು ಹಾಗೇ ತೆರೆದು ಬಿಟ್ಟು ಅವರ ಹಿಂದೆ ಇಳಿದುಹೋದಳು.

ಉಳಿದವರು ನಾನು, ಜಲಜಕ್ಕ. ಅವರು ಬರಿಗಾಲಿನಲ್ಲಿ ನಮ್ಮ ಮನೆಯೊಳಗೆ ಬಂದರು. ಒಳಕೋಣೆಯ ಬಾಗಿಲು ತೆರೆದಿತ್ತು. ಗೋಡೆಗೆ ಕಟ್ಟಿದ ದಿಂಬುಗಳು, ಮುದುರಿದ ಹಾಸಿಗೆ ಹೊರಗಿನಿಂದಲೇ ಕಾಣುತ್ತಿದ್ದವು. ಜಲಜಕ್ಕ ಒಳಗೆ ಹೋಗಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಬರುವಾಗ ಹಸಿದಿರ್ತಾಳೆ ಅವಳು. ಅವಳಿಗೆ ಎಂತ ಇಷ್ಟ, ಹೇಳು."

ಅಕ್ಕನ ಬಗ್ಗೆ ಯಾರು ಏನು ಕೇಳಿದರೂ ನನ್ನಲ್ಲಿ ತಟ್ಟನೆ ಒಂದು ಮೈಸೂರು ಸಿದ್ಧವಿರುತ್ತಿತ್ತು. ಅವತ್ತು ನಾನು ನಿಂತು ಯೋಚಿಸಬೇಕಾಯಿತು.

"ಹಾಗಲಕಾಯಿ ಗೊಜ್ಜು," ಎಂದೆ. "ಬೆಲ್ಲ ಜಾಸ್ತಿ ಹಾಕಿದ್ದು."